ಅಗಳಿಲ್ಲದ ಗಂಜಿಯ ಎಸ್ತರ್ ಬಾಯಿ

ಬೆಳಗಿನ ಐದೂವರೆ. ಮಣಿಪಾಲದ ಗುಡ್ಡದ ಮೇಲೆ ಇನ್ನೂ ಮಬ್ಬು. ಆಸ್ಪತ್ರೆಯ ಹಿಂದಿನ ಇಳಿಜಾರಿನಲ್ಲಿ, ಹಂಚಿನ ಮಾಡಿನ ಒಂದೇ ಕೋಣೆಯ ಮನೆಯೊಳಗೆ ಎಸ್ತರ್ ಬಾಯಿ ಗಂಜಿ ಸೋಸುತ್ತಿದ್ದಾರೆ. ಸೋಸುವುದೆಂದರೆ ನಾವು ನೀವು ಅನ್ನ ಬಸಿದ ಹಾಗಲ್ಲ. ಬೆಂದ ಗಂಜಿಯನ್ನು ಮೊದಲು ಸೌಟಿನ ಬೆನ್ನಿನಿಂದ ಜರಡಿಯಲ್ಲಿ ತಿಕ್ಕುತ್ತಾರೆ. ಕೆಳಗಿಳಿದದ್ದನ್ನು ತೆಳು ಬಟ್ಟೆಯಲ್ಲಿ ಹಿಂಡುತ್ತಾರೆ. ಅದೇ ಬಟ್ಟೆಯನ್ನು ಎರಡು ಪದರ ಮಾಡಿ ಇನ್ನೊಮ್ಮೆ ಹಿಂಡುತ್ತಾರೆ. ಕೊನೆಗೆ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಾರೆ. ಬೆರಳಿಗೆ ಏನಾದರೂ ತಾಗಿತೋ, ಮತ್ತೆ ಮೊದಲಿನಿಂದ.

"ನಾಲಿಗೆಗೆ ಮೋಸ ಆಗ್ತದೆ, ಬೆರಳಿಗೆ ಆಗುವುದಿಲ್ಲ," ಎನ್ನುತ್ತಾರೆ ಅವರು, ತಲೆ ಎತ್ತದೆ.

ಅವರಿಗೀಗ ಐವತ್ತನಾಲ್ಕು. ಬಿಸಿ ಹಿಂಡಿ ಹಿಂಡಿ ಅಂಗೈ ಕೆಂಪಾಗಿದೆ, ಉಗುರುಗಳು ಬೆಳ್ಳಗಾಗಿವೆ. ಏಳು ಗಂಟೆಯೊಳಗೆ ಮೂವತ್ತೊಂದು ಫ್ಲಾಸ್ಕುಗಳು ತುಂಬಬೇಕು. ಹುಣ್ಣಿಗೆ ಹೊಟ್ಟೆ ಕೊಯ್ಸಿಕೊಂಡವರು, ಗಂಟಲಿಗೆ ಗಡ್ಡೆ ಬಂದವರು, ಕರುಳು ಕತ್ತರಿಸಿ ಹೊಲಿಸಿಕೊಂಡವರು, ಎಲ್ಲರ ಮನೆಯವರೂ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ. ಒಬ್ಬರಿಗೆ ಗಂಜಿ ತಿಳಿ, ಇನ್ನೊಬ್ಬರಿಗೆ ಹೆಸರುಬೇಳೆಯ ಕಟ್ಟು, ಮತ್ತೊಬ್ಬರಿಗೆ ಕಾಣೆ ಮೀನು ಬೇಯಿಸಿ ಬಸಿದ ನೀರು. ಗುಣವಾಗಿ ಹೋಗುವಾಗ ಈ ಜನ ಡಾಕ್ಟರಿಗೆ ಕೈ ಮುಗಿಯುತ್ತಾರೆ, ಕೃಷ್ಣನಿಗೆ ಹಣ್ಣುಕಾಯಿ ಮಾಡಿಸುತ್ತಾರೆ, ಇಗರ್ಜಿಯಲ್ಲಿ ಮೊಂಬತ್ತಿ ಹಚ್ಚುತ್ತಾರೆ. ಹದಿನೈದು ದಿನ ಜೀವ ಹಿಡಿದಿಟ್ಟ ಗಂಜಿಯ ನೆನಪು ಯಾರಿಗಿರುತ್ತದೆ? ಖಾಲಿ ಫ್ಲಾಸ್ಕನ್ನು ಜಗಲಿಯಲ್ಲಿಟ್ಟು ಬಸ್ಸು ಹತ್ತುತ್ತಾರೆ.

ಎಸ್ತರ್ ಬಾಯಿ ಬಜಗೋಳಿಯವರು. ಗಂಡ ಬ್ಯಾಪ್ಟಿಸ್ಟ್ ಲಾರಿ ಓಡಿಸುತ್ತಿದ್ದರು. 1973ರಲ್ಲಿ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು, ಆಪರೇಷನ್ ಆಯಿತು, ನುಂಗಿದ್ದೆಲ್ಲ ವಾಪಸು ಬರತೊಡಗಿತು. ಆಗ ಆಸ್ಪತ್ರೆಯ ಹಿಂದೆ ಮೂರು ಕಲ್ಲು ಹೂಡಿ, ತನ್ನ ಹಳೆಯ ಸೀರೆಯ ಸೆರಗಿನಲ್ಲಿ ಸೋಸಿ ಸೋಸಿ ಕೊಟ್ಟದ್ದೇ ಈ ಕಸುಬಿನ ಮೊದಲ ಪಾಠ. ಬ್ಯಾಪ್ಟಿಸ್ಟ್ ನಾಲ್ಕು ತಿಂಗಳು ಬದುಕಿದರು. ಪಕ್ಕದ ಮಂಚದವರು, "ನಮಗೂ ಸ್ವಲ್ಪ ಮಾಡಿ ಕೊಡಿ ಬಾಯಿ" ಎಂದು ಕೇಳಿದ್ದಕ್ಕೆ ಎಸ್ತರ್ ಬಾಯಿ ಇಲ್ಲೇ ಉಳಿದರು. ಹದಿಮೂರು ವರ್ಷವಾಯಿತು.

ಮೂರು ವರ್ಷದ ಈಚೆಗೆ ಇನ್ನೊಂದು ಬಗೆಯವರು ಬರುತ್ತಿದ್ದಾರೆ. ಮೈ ಇಳಿಸುವ ಆಪರೇಷನ್ ಮಾಡಿಸಿಕೊಂಡವರು. ಬೊಂಬಾಯಿಯಲ್ಲಿ ಹೊಟ್ಟೆಯ ಚೀಲಕ್ಕೆ ಸಾಲಾಗಿ ಪಿನ್ನು ಹೊಡೆದು, ಮೇಲ್ಗಡೆ ಕೋಳಿಮೊಟ್ಟೆಯಷ್ಟೇ ಜಾಗ ಬಿಟ್ಟು ಕಳಿಸುತ್ತಾರೆ. ಅದರಲ್ಲಿ ಹಿಡಿಯುವುದು ಒಂದು ಔನ್ಸು, ಹೆಚ್ಚೆಂದರೆ ಒಂದೂವರೆ. ಜೊತೆಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆ: ಸೂಪು, ಜೆಲ್ಲಿ, ಚೀಸು. ಎರಡು ತಿಂಗಳು ಗಟ್ಟಿ ಪದಾರ್ಥ ಮುಟ್ಟಬಾರದು.

"ಚೀಸಿಗೆ ನಾನೆಲ್ಲಿಗೆ ಹೋಗಲಿ? ಓದಿಸಿ ಕೇಳಿದೆ, ಮೂರು ದಿನ ಯೋಚನೆ ಮಾಡಿದೆ," ಎನ್ನುತ್ತಾರೆ ಎಸ್ತರ್ ಬಾಯಿ. ಆ ಹಾಳೆ ಅವರ ಒಲೆಯ ಮೇಲೆ ಬೇರೆಯೇ ರೂಪ ತಾಳಿತು. ಸೂಪಿನ ಬದಲು ಹುರುಳಿ ಬೇಯಿಸಿದ ತಿಳಿ. ಜೆಲ್ಲಿಯ ಬದಲು ರಾತ್ರಿ ನೆನೆಸಿ ರುಬ್ಬಿ, ಹಾಲು ಹಿಂಡಿ, ತೆಳ್ಳಗೆ ಕಾಯಿಸಿದ ರಾಗಿ. ಚೀಸಿನ ಬದಲು ಕಡೆದು ಬೆಣ್ಣೆ ತೆಗೆದ ಮೊಸರು. ಗಂಜಿಗೆ ಊರಿನ ಕುಚ್ಚಲಕ್ಕಿ ಆಗುವುದಿಲ್ಲ, ಅದರ ಅಗಳು ಎಷ್ಟು ಬೆಂದರೂ ಇಡಿಯಾಗಿಯೇ ನಿಲ್ಲುತ್ತದೆ. ಕುದಿಸದ ಬಿಳಿ ಅಕ್ಕಿ, ಬೆಳ್ತಿಗೆಯ ನುಚ್ಚೇ ಆಗಬೇಕು. ಔಷಧಿಯ ಔನ್ಸ್ ಗ್ಲಾಸಿನಲ್ಲಿ ಅಳೆದು, ಗಂಟೆಗೊಮ್ಮೆ, ಚಮಚದಿಂದ ಚಮಚಕ್ಕೆ ಪುರುಸೊತ್ತು ಕೊಟ್ಟು ಕುಡಿಸಬೇಕು. ಬೀದಿಯಲ್ಲಿ ಎದುರಾದವರನ್ನೂ "ಊಟ ಆಯಿತಾ" ಎಂದೇ ವಿಚಾರಿಸುವ ಈ ಊರುಗಳಲ್ಲಿ ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಬೊಂಬಾಯಿಯ ಹಾಳೆಗೇನು ಗೊತ್ತು?

ಇಂಥವರು ಈವರೆಗೆ ಬಂದದ್ದು ನಾಲ್ವರು. ಮೊದಲನೆಯವರು ಚೆನ್ನಾಗಿದ್ದಾರೆ. ಎರಡನೆಯವರು ದುಬೈಗೆ ಹೋದರು, ಸುದ್ದಿಯಿಲ್ಲ. ಮೂರನೆಯವಳು ಕಾರ್ಕಳದ ಪ್ಯಾಟ್ರಿಶಿಯಾ.

ಆ ಹೆಸರು ಬಂದಾಗ ಎಸ್ತರ್ ಬಾಯಿಯ ಕೈ ನಿಲ್ಲುತ್ತದೆ. ಪ್ಯಾಟ್ರಿಶಿಯಾಗೆ ಇಪ್ಪತ್ತಾರು ವರ್ಷ, ನೂರ ಹದಿನೆಂಟು ಕಿಲೋ. ನೋಡಲು ಬಂದ ಹುಡುಗರೆಲ್ಲ ಕಾಫಿ ಕುಡಿದು ಹೋದವರೇ. ಕಳೆದ ವರ್ಷ ಆಗಸ್ಟಿನಲ್ಲಿ ಆಪರೇಷನ್ ಆಯಿತು. ಮೂರು ವಾರ ಎಸ್ತರ್ ಬಾಯಿಯ ಕೈಯಿಂದಲೇ ಕುಡಿದಳು. ಒಂಬತ್ತು ಕಿಲೋ ಇಳಿದಳು, ನಗತೊಡಗಿದಳು, ಮನೆಗೆ ಮರಳಿದಳು. ಅಷ್ಟರಲ್ಲಿ ಸೆಪ್ಟೆಂಬರ್ ಎಂಟು ಬಂತು, ಮೊಂತಿ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯ ಹೊಸ ಅಕ್ಕಿಯನ್ನು ತೆಂಗಿನ ಹಾಲಿನಲ್ಲಿ ಹಾಕಿ ಮನೆಮಂದಿಯೆಲ್ಲ ಒಂದೊಂದು ಚಮಚ ತೆಗೆದುಕೊಳ್ಳುವ ದಿನ. ಊರಲ್ಲಿಲ್ಲದವರ ಪಾಲನ್ನೂ ಎತ್ತಿಡುತ್ತಾರೆ. ಇನ್ನು ಮನೆಯಲ್ಲೇ ಇರುವ ಮಗಳನ್ನು ಬಿಡುವುದುಂಟೇ? ಆದರೂ ಪ್ಯಾಟ್ರಿಶಿಯಾಳ ತಾಯಿ ಸೆಲೀನ್ ಬಾಯಿ ತಿಳಿವಳಿಕೆಯವರು. ಹಿಂದಿನ ದಿನ ಕಾರ್ಕಳದಿಂದ ಬಸ್ಸಿನಲ್ಲಿ ಬಂದು, ಕೊಡಬಹುದೇ ಎಂದು ಕೇಳಿದರು.

"ನಾನೇ ಹೇಳಿದೆ, ಕೊಡಿ ಅಂತ," ಎನ್ನುತ್ತಾರೆ ಎಸ್ತರ್ ಬಾಯಿ. "ದೇವರದ್ದು ಅದು, ಊಟ ಅಲ್ಲ ಅಂತ ಹೇಳಿದೆ. ನನ್ನ ರೋಗಿಗಳು ಪೂಜೆಯ ತೆಳು ರೊಟ್ಟಿ, ಪರಮಪ್ರಸಾದ ತೆಗೆದುಕೊಳ್ತಾರಲ್ಲ, ಅದಕ್ಕೆ ಯಾವತ್ತೂ ಎಂತ ಆಗಿಲ್ಲ. ಹಾಗೇ ಇದೂ ಅಂತ ತಿಳಿದೆ. ಆ ರೊಟ್ಟಿ ಕರಗ್ತದೆ, ಅಕ್ಕಿ ಕರಗುವುದಿಲ್ಲ. ಅಷ್ಟು ವರ್ಷ ಅಗಳು ತೆಗೆದ ನನಗೆ ಇಷ್ಟು ಹೊಳೆಯಲಿಲ್ಲ ಮಾರಾಯರೇ!"

ಒಂದು ಚಮಚ ಹೊಸ ಅಕ್ಕಿ ಇಳಿಯಿತು. ಏನೂ ಆಗಲಿಲ್ಲ. ಏನೂ ಆಗಲಿಲ್ಲವೆಂಬುದೇ ಮುಳುವಾಯಿತು. ಹಬ್ಬದ ಎಲೆಯ ಮುಂದೆ ಮಗಳನ್ನು ಬರಿಗೈಯಲ್ಲಿ ಕೂರಿಸಲಾರದೆ ತಾಯಿ ಒಂದು ಹಿಡಿ ಅನ್ನವನ್ನೂ ಬಡಿಸಿದರು. ಎಸ್ತರ್ ಬಾಯಿಯೇ ಒಪ್ಪಿಗೆ ಕೊಟ್ಟಿದ್ದಾರಲ್ಲ! ಸಂಜೆಗೆ ವಾಂತಿ ಹಿಡಿಯಿತು, ಬೆಳಗಾದರೂ ನಿಲ್ಲಲಿಲ್ಲ. ಒಳಗಿನ ಪಿನ್ನು ಬಿಟ್ಟಿತ್ತು. ಮೂರನೆಯ ದಿನ ಹುಡುಗಿ ಹೋದಳು.

ಸೆಲೀನ್ ಬಾಯಿ ಎಸ್ತರ್ ಬಾಯಿಯನ್ನು ದೂರಲಿಲ್ಲ. ತಪ್ಪೆಲ್ಲ ತಾನು ಬಡಿಸಿದ ಆ ಒಂದು ಹಿಡಿಯದೇ ಎಂದು ನಂಬಿ ಕೂತಿದ್ದಾರೆ. ಈ ವರ್ಷ ಹಬ್ಬಕ್ಕೆ ಎಸ್ತರ್ ಬಾಯಿಗೆ ಹೊಸ ಅಕ್ಕಿಯ ಪಾಲನ್ನೂ ಕಳಿಸಿದರು, ಮಗಳ ಸೇವೆ ಮಾಡಿದವರೆಂದು. ಆ ಪೊಟ್ಟಣವನ್ನು ಇವರು ತಿನ್ನಲೂ ಆಗದೆ ಎಸೆಯಲೂ ಆಗದೆ ಶಿಲುಬೆಯ ಕೆಳಗೆ ಇಟ್ಟಿದ್ದಾರೆ. ಹುಳ ಬಿದ್ದಿದೆ.

ನಾಲ್ಕನೆಯವಳು ಇನ್ನಂಜೆಯ ಒಂದು ಮನೆಯ ಸೊಸೆ. ನಳಿನಾಕ್ಷಿ ಎಂದಿಟ್ಟುಕೊಳ್ಳೋಣ, ನಿಜವಾದ ಹೆಸರು ಆ ಮನೆಯವರಿಗೆ ಗೊತ್ತು. ಗಂಡ ದೋಹಾದಲ್ಲಿ. ಮೂರು ಸಲ ಬಸಿರು ಇಳಿದಿದೆ, ಮೈ ಇಳಿಯದೆ ಮಗು ನಿಲ್ಲದೆಂದು ಡಾಕ್ಟರರು ಹೇಳಿದ ಮೇಲೆ ಬೊಂಬಾಯಿಗೆ ಹೋಗಿ ಬಂದಳು. ಅವಳ ಫ್ಲಾಸ್ಕು ಮಾತ್ರ ಏಳು ಗಂಟೆಯ ಕಾಪು ಬಸ್ಸಿನಲ್ಲಿ ಕಂಡಕ್ಟರ್ ಬೂಬನ ಸೀಟಿನ ಕೆಳಗೆ ಕೂತು ಹೋಗುತ್ತಿತ್ತು. ಹೋಗುತ್ತಿತ್ತು ಎಂದೇ ಬರೆಯಬೇಕಾಗಿದೆ.

ಆ ಮನೆಯಲ್ಲೂ ಹೊಸ ಅಕ್ಕಿ ಊಟ ಉಂಟು, ಬರುವ ಗುರುವಾರ. ವಿಷಯ ಕಿವಿಗೆ ಬಿದ್ದದ್ದೇ ಎಸ್ತರ್ ಬಾಯಿಗೆ ನಿದ್ದೆ ಹಾರಿತು. ಕಳೆದ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ನೇರ ಇನ್ನಂಜೆಗೆ ಹೋದರು. ಅತ್ತೆ ಮನೋರಮಕ್ಕ (ಇದೂ ನಾವಿಟ್ಟ ಹೆಸರೇ) ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು.

"ಗುರುವಾರ ಅವಳಿಗೆ ಒಂದು ಕಾಳೂ ಬೇಡ ಅಕ್ಕ," ಎಂದರು ಎಸ್ತರ್ ಬಾಯಿ.

"ಅದು ಹೇಗೆ ಆಗ್ತದೆ ಬಾಯಿ? ದೈವಕ್ಕೆ ಇಟ್ಟದ್ದು. ಮನೆಯ ಸೊಸೆ ತೆಗೆದುಕೊಳ್ಳದಿದ್ದರೆ ಮಗು ಹೇಗೆ ನಿಲ್ತದೆ? ಒಂದು ಚಿಟಿಕೆ ಅಲ್ವಾ?"

"ಒಂದು ಚಿಟಿಕೆ ಅಂತಲೇ ನಾನೂ ಹೇಳಿದ್ದೆ, ಹೋದ ವರ್ಷ ಒಬ್ಬಳಿಗೆ." ಬೇರೆ ದಾರಿ ಕಾಣದೆ ಎಲ್ಲವನ್ನೂ ಹೇಳಿಬಿಟ್ಟರು. ಪಾದ್ರಿಯೆದುರು ಬಿಟ್ಟು ಬೇರೆಲ್ಲೂ ಆಡದ ಮಾತು. ಮನೋರಮಕ್ಕ ಕೊನೆಯವರೆಗೆ ಕೇಳಿದರು, ಗೇಟಿನವರೆಗೆ ಬಂದು ಕಳಿಸಿಕೊಟ್ಟರು. ಮಾತು ತಾಗಿತು ಎಂದು ಎಸ್ತರ್ ಬಾಯಿ ನೆಮ್ಮದಿಯಿಂದ ಬಸ್ಸು ಹತ್ತಿದರು.

ಮಾತು ತಾಗಿದ್ದೇನೋ ನಿಜ, ಬೇರೆ ಕಡೆ. ಮರುದಿನ ಬೂಬ ಫ್ಲಾಸ್ಕನ್ನು ತುಂಬಿದ ಹಾಗೆಯೇ ತಂದಿಟ್ಟ. "ಇನ್ನು ಕಳಿಸುವುದು ಬೇಡವಂತೆ ಬಾಯಿ. ಒಬ್ಬಳು ಹೋದ ಕೈಯ ಅಡುಗೆ ಅವರಿಗೆ ಬೇಡವಂತೆ," ಎಂದು ಮುಖ ತಿರುಗಿಸಿದ. ಉಳಿಸಲೆಂದು ಹೇಳಿದ ಸತ್ಯದಿಂದಲೇ ಹುಡುಗಿ ಕೈತಪ್ಪಿದಳು. ಸುಳ್ಳು ಹೇಳಿದ್ದರೆ ಗಂಜಿಯಾದರೂ ಹೋಗುತ್ತಿತ್ತು. ಆ ಮನೆಯಲ್ಲೀಗ ಅವಳಿಗೆ ಏನು ಕೊಡುತ್ತಿದ್ದಾರೋ ಯಾರಿಗೂ ತಿಳಿಯದು. ಎಸ್ತರ್ ಬಾಯಿ ಎರಡು ಸಲ ಹೋಗಿ ಬಂದರು, ಗೇಟು ತೆರೆಯಲಿಲ್ಲ. ಡಾಕ್ಟರರಿಗೆ ಹೇಳಿದರು, ರೋಗಿ ಬಾರದೆ ತಮ್ಮಿಂದೇನು ಮಾಡಲಾದೀತು ಎಂದು ಅವರೂ ಮರುಗಿದರು. ದೋಹಾಕ್ಕೆ ಕಾಗದ ಹಾಕಿದ್ದಾರೆ. ಅದು ಮುಟ್ಟುವಷ್ಟರಲ್ಲಿ ಗುರುವಾರ ಕಳೆದಿರುತ್ತದೆ.

ಎಂಟು ಗಂಟೆಗೆ ಫೋಟೊ ತೆಗೆಯುವವರು ಬರುತ್ತಾರೆ. ಎಸ್ತರ್ ಬಾಯಿ ಸೆರಗಿನಲ್ಲಿ ಮುಖ ಮರೆಸಿಕೊಳ್ಳುತ್ತಾರೆ. ನಾಚಿಕೆಯಿಂದಲ್ಲ. ತಮ್ಮ ಬಗ್ಗೆ ಬರೆಯಲು ಮೂರು ಸಲ ಬೇಡವೆಂದವರು ಈ ಸಲ ತಾವಾಗಿಯೇ ಹೇಳಿಕಳಿಸಿದ್ದು ಯಾಕೆಂದು ಆಗ ಗೊತ್ತಾಗುತ್ತದೆ.

"ನನ್ನನ್ನು ಹೊಗಳಿ ಎಂತ ಆಗಬೇಕು? ಆ ಮನೆಗೆ ಭಾನುವಾರದ ಪೇಪರ್ ಬರ್ತದೆ, ಜಗಲಿಯಲ್ಲಿ ನೋಡಿದ್ದೇನೆ. ನನ್ನ ಫೋಟೊ ಹಾಕುವ ಜಾಗದಲ್ಲಿ ಎರಡು ಸಾಲು ಬರೆಯಿರಿ, ದೊಡ್ಡ ಅಕ್ಷರದಲ್ಲಿ. ನನ್ನ ಗಂಜಿ ಬೇಡದಿದ್ದರೆ ಬೇಡ, ಯಾರ ಕೈಯದ್ದಾದರೂ ಆದೀತು, ಸೋಸಿ ಕೊಡಲಿ. ಗುರುವಾರ ಹೊಸ ಅಕ್ಕಿಯನ್ನು ಅವಳ ಹಣೆಗೆ ಮುಟ್ಟಿಸಲಿ. ಬಾಯಿಗೆ ಹಾಕುವುದು ಬೇಡ."