ಹನ್ನೆರಡನೆಯ ಕುಳಿ

ಬಂಡೆ ಒಡೆಯುವುದೆಂದರೆ ಮದ್ದು ತುಂಬಿ ಢಮ್ಮೆನಿಸುವುದು, ಅಷ್ಟೇ ಎಂದುಕೊಂಡವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಗಳು ಹತ್ತಿರವಿದ್ದರೆ ನಾವು ಮದ್ದು ಮುಟ್ಟುವುದೇ ಇಲ್ಲ. ಸಾಲಾಗಿ ಕುಳಿ ಕೊರೆದು, ಉಕ್ಕಿನ ಬೆಣೆ ಬಡಿದು, ಕಲ್ಲು ತಾನಾಗಿ ಬಿರಿಯುವವರೆಗೆ ಕಾಯುತ್ತೇವೆ. ಸಡಿಲ ಬಂಡೆಯಾದರೆ ಯಂತ್ರದ ಸುತ್ತಿಗೆಯೇ ಕುಟ್ಟಿ ಹಾಕುತ್ತದೆ. ಇವೆರಡಕ್ಕೂ ಬಗ್ಗದ ಕಲ್ಲಿಗೆ ಮಾತ್ರ ಮದ್ದು. ಅದರಲ್ಲೂ ಮುಕ್ಕಾಲು ಕೆಲಸ ಎಣಿಸುವುದು, ಕಾಯುವುದು. ಇದನ್ನೆಲ್ಲ ನಾನು ಓದಿ ಕಲಿತಿದ್ದೆ. ಓದಿದ್ದೇನೆಂಬ ಜಂಬವೂ ಇತ್ತು.

ಕೆಲವು ವರ್ಷಗಳ ಹಿಂದೆ ಕೋಟೆಯಿಂದ ಬೀಚನಹಳ್ಳಿಗೆ ಹೋಗುವ ಕಡೆ ನಾಲೆಯೊಂದಕ್ಕೆ ಬಂಡೆ ಕಡಿಯುತ್ತಿದ್ದೆವು. ನಾನು ಅಲ್ಲಿನ ಇಂಜಿನಿಯರ್. ಮದ್ದಿನ ಕೆಲಸ ಒಬ್ಬ ವಯಸ್ಸಾದ ಮೇಸ್ತ್ರಿಯದು. ಡ್ರಿಲ್ಲು ಹಿಡಿದು ಕುಳಿ ಕೊರೆಯುತ್ತಿದ್ದವನು ಅವರ ಅಳಿಯ. ಮೇಸ್ತ್ರಿ ಮಗಳನ್ನು ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ.

ಮೇಸ್ತ್ರಿ ಮೊದಲ ಕುಳಿಗೆ ಮದ್ದು ತುಂಬಿ, ಬಂಡೆ ಮುಟ್ಟಿ ಕಣ್ಣಿಗೊತ್ತಿಕೊಂಡು "ಲಾಭ" ಎನ್ನುವರು. ನಮ್ಮ ಕಡೆ ರಾಗಿಯಾಗಲಿ ಭತ್ತವಾಗಲಿ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ನಾನೂ ಹೊಸ ಅಗ್ರಹಾರದ ಗದ್ದೆಯ ಮನೆಯವಳೇ. ಹಾಗಾಗಿ ನನಗದು ವಿಶೇಷವೆನಿಸಲಿಲ್ಲ. ತುಂಬಿದ ಕುಳಿಗಳನ್ನು ಎಣಿಸುವುದೂ ಅವರೇ, ಆಮೇಲೆ ಸಿಡಿದ ಸದ್ದುಗಳನ್ನು ಎಣಿಸುವುದೂ ಅವರೇ. ಎರಡೂ ಸರಿಹೋದರೆ ಅಳಿಯ ಕೆಳಗಿಳಿಯಬಹುದು. ಒಂದು ಸದ್ದು ಕಡಿಮೆ ಬಂದರೆ ಜೀವಂತ ಮದ್ದು ಕಲ್ಲಿನೊಳಗೇ ಉಳಿದಿದೆ ಎಂದರ್ಥ.

ಆ ದಿನ ನನಗೇನು ಬುದ್ಧಿ ಬಂತೋ! "ಸದ್ದು ನಾನು ಎಣಿಸ್ತೀನಿ ಮೇಸ್ತ್ರಿ, ಅದು ಇಂಜಿನಿಯರ್ ಕೆಲಸ. ನೀವು ಬತ್ತಿ ಹಚ್ಚಿ, ಹೋಗಿ ರಸ್ತೆ ಕಾಯಿರಿ" ಎಂದೆ.

"ನಲ್ವತ್ತೊರ್ಸದಿಂದ ನಾನೇ ಎಣಿಸ್ತಾ ಇವ್ನಿ ಕಣವ್ವ."

"ಇವತ್ತು ನಾನು."

"ಆಯ್ತು ಬುಡಿ. ಅನ್ನೊಂದ್ ಕುಳಿ ಅವೆ."

ಬೆರಳು ಮಡಚಿ ಎಣಿಸಿದೆ, ಹನ್ನೊಂದು ಸದ್ದು. ರಸ್ತೆಯಿಂದ ವಾಪಸು ಬಂದ ಮೇಸ್ತ್ರಿಗೆ ಹೇಳಿದೆ. "ಸರೋಯ್ತು" ಎಂದರು. ಹೊಗೆ ಹೋಗಲೆಂದು ಅರ್ಧ ಗಂಟೆ ಕಾಯಬೇಕಿತ್ತು. ಪಕ್ಕದ ಕಣಕ್ಕೆ ನೀರು ಕೇಳಿಕೊಂಡು ಹೋದೆ.

ಅಲ್ಲಿ ಅತ್ತೆ ಸೊಸೆ ರಾಗಿ ಅಳೆಯುತ್ತಿದ್ದರು. "ಲಾಭ... ಎರಡು... ಮೂರು..." ಎನ್ನುತ್ತಾ ಅತ್ತೆ ಕೊಳಗ ಸುರಿಯುತ್ತಿದ್ದರು. ನಮ್ಮ ಮನೆಯಲ್ಲೂ ಹೀಗೇ. ಕುಡಿಯುತ್ತಿದ್ದ ಚೊಂಬನ್ನು ಬಾಯಿಂದ ಇಳಿಸಿದೆ. ಬೆಳಿಗ್ಗೆ ಮೇಸ್ತ್ರಿ ಲಾಭ ಆದ ಮೇಲೆ ಏನಂದಿದ್ದರು? ನಾನು ಪಕ್ಕದಲ್ಲೇ ನಿಂತಿದ್ದೆನಲ್ಲ! ಲಾಭ, ಒಂದು, ಎರಡು. ಹೌದು, ಒಂದು ಅಂದಿದ್ದರು. ಹಾಗಾದರೆ ಕುಳಿಗಳು ಹನ್ನೆರಡು.

ಅಷ್ಟರಲ್ಲಿ ಅರ್ಧ ಗಂಟೆ ಮುಗಿದು, ಡ್ರಿಲ್ಲಿಗೆ ಗಾಳಿ ಕೊಡುವ ಕಂಪ್ರೆಸರ್ ಶುರುವಾದ ಸದ್ದು ಕೇಳಿತು. ಚೊಂಬು ಬಿಸಾಡಿ ಓಡಿದೆ. ನನ್ನ ಕೂಗು ಆ ಗಲಾಟೆಯಲ್ಲಿ ಯಾರಿಗೆ ಕೇಳಬೇಕು? ಅಳಿಯ ಕೆಳಗೆ ಬಂಡೆಯ ಮೇಲೆ ಡ್ರಿಲ್ಲು ಊರಿಯಾಗಿತ್ತು. ಕಂಪ್ರೆಸರ್ ಆರಿಸಿದೆ.

"ಯಾಕ್ ಮೇಡಂ, ಈಗಿನ್ನೂ ಸುರು ಮಾಡ್ತಾ ಇವ್ನಿ!"

"ಡ್ರಿಲ್ ಅಲ್ಲೇ ಬಿಟ್ಟು ಮೇಲೆ ಬಾರೋ!" ಎಂದು ಕಿರುಚಿದೆ. ಅವನು ಗೊಣಗುತ್ತಾ ಹತ್ತಿ ಬಂದ.

ಮೇಸ್ತ್ರಿ ಓಡಿ ಬಂದರು. ಕೇಳಿದೆ, "ಲಾಭ ಆದ್ಮೇಲೆ ಏನಂತೀರಿ ನೀವು?"

"ಒಂದು ಅಂತೀನಿ. ಲಾಭ ಭೂಮ್ತಾಯಿದು, ಲೆಕ್ಕಕ್ ಸೇರಾಕಿಲ್ಲ. ಸದ್ದನ್ನೂ ಅಂಗೇ..."

ಹೇಳುತ್ತಲೇ ಅವರಿಗೂ ಹೊಳೆಯಿತು. ಅಳಿಯನ ಕಡೆ ನೋಡಿದರು.

ಇನ್ನಷ್ಟು ಹೊತ್ತು ಕಾದು, ಯಾರನ್ನೂ ಬಿಡದೆ ಅವರೊಬ್ಬರೇ ಇಳಿದು ಬರಿಗೈಯಲ್ಲಿ ಕಲ್ಲು ಸರಿಸಿದರು. ಸಿಡಿಯದ ಕುಳಿ ಅಲ್ಲೇ ಇತ್ತು, ಬಾಯಿಗೆ ಮೆತ್ತಿದ ಜೇಡಿಮಣ್ಣು ಹಾಗೇ ಇತ್ತು. ಡ್ರಿಲ್ಲಿನ ಮೊನೆಗೂ ಅದಕ್ಕೂ ಒಂದು ಗೇಣು.

ನಲವತ್ತು ವರ್ಷ ಅವರ ಲೆಕ್ಕ ತಪ್ಪಿರಲಿಲ್ಲ. ಕುಳಿಗೂ ಲಾಭ, ಸದ್ದಿಗೂ ಲಾಭ, ಎರಡೂ ತೂಗುತ್ತಿದ್ದವು. ಕುಳಿಗಳನ್ನೂ ನಾನೇ ಎಣಿಸಿದ್ದರೆ ನನ್ನದೂ ತಪ್ಪುತ್ತಿರಲಿಲ್ಲ. ಅರ್ಧ ಅವರದು, ಅರ್ಧ ನನ್ನದು ಸೇರಿಸಿ ಒಂದು ಜೀವ ತೆಗೆಯುತ್ತಿದ್ದೆವು. ತಪ್ಪು ಹಂಚಿಕೊಳ್ಳಲು ಮೇಸ್ತ್ರಿ ಮಾತ್ರ ಒಪ್ಪಲೇ ಇಲ್ಲ. "ನನ್ ಕೈಯಾರ ನನ್ ಮಗಳ ತಾಳಿಯ..." ಎಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. "ತಪ್ಪು ನಂದು ಮೇಸ್ತ್ರಿ" ಎಂದೆ. ಹೇಳಿ ಜೀಪಿನ ಹಿಂದೆ ಹೋಗಿ ಅತ್ತೆ. ನನ್ನ ಮೇಲೇ ನನಗೆ ಅಷ್ಟು ಸಿಟ್ಟು ಇನ್ನೆಂದೂ ಬಂದಿಲ್ಲ.

ಮರುದಿನ ಆ ಕುಳಿಯನ್ನು ಮುಟ್ಟದೆ, ದೂರ ಬಿಟ್ಟು ಇನ್ನೊಂದು ಕೊರೆದು, ಅದರ ಜೊತೆಗೆ ಇದನ್ನೂ ಸಿಡಿಸಿದೆವು. ಮೂರನೆಯ ದಿನ ಮುಂದಿನ ಸಾಲು. ಮೇಸ್ತ್ರಿ ಮೊದಲ ಕುಳಿಗೆ ಮದ್ದು ತುಂಬಿ, ಬಂಡೆ ಮುಟ್ಟಿ ಕಣ್ಣಿಗೊತ್ತಿಕೊಂಡರು. "ಲಾಭ" ಎಂದರು. ಎರಡನೆಯದನ್ನು ತುಂಬಿದ ಮೇಲೆ "ಒಂದು" ಎನ್ನಲು ಬಾಯಿ ಬರಲಿಲ್ಲ. ಕುಳಿಯ ಪಕ್ಕದಲ್ಲೇ ಕೂತುಬಿಟ್ಟರು.

ಅಳಿಯ ಡ್ರಿಲ್ಲು ಕೆಳಗಿಟ್ಟು ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಎರಡು ಕಣ್ ಮಾವ."

ಮೇಸ್ತ್ರಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, "ಎರಡು" ಎಂದರು.