ಒಲೆಯ ಎದುರಿನ ಗಡಿಯಾರ

ನಮ್ಮ ಬೇಕರಿಯ ಒಲೆಯ ಹತ್ತಿರ ಮೂವತ್ತು ವರ್ಷ ಗಡಿಯಾರವೇ ಇರಲಿಲ್ಲ. ಅಪ್ಪನಿಗೆ ಅದರ ಹಂಗಿರಲಿಲ್ಲ. ಹಿಟ್ಟು ನಾದುತ್ತಲೋ ಗಿರಾಕಿಯ ಜೊತೆ ಹರಟೆ ಹೊಡೆಯುತ್ತಲೋ ಇದ್ದವನು ನಡುವೆ ತಲೆ ಎತ್ತಿ ಒಮ್ಮೆ ಮೂಸಿ, "ಆಯ್ತು, ತೆಗಿ" ಅನ್ನುತ್ತಿದ್ದ. ಬ್ರೆಡ್ಡು ಹದವಾಗಿಯೇ ಬೆಂದಿರುತ್ತಿತ್ತು. "ಕಣ್ಣು ಮುಚ್ಕೊಂಡು ಬೇಯಿಸ್ತೀನಿ, ಮೂಗು ಮುಚ್ಕೊಂಡು ಮಾತ್ರ ಆಗಲ್ಲ" ಎಂದು ಕೊಚ್ಚಿಕೊಳ್ಳುತ್ತಿದ್ದ.

ಆಮೇಲೆ ಬ್ರೆಡ್ಡು ಸೀಯತೊಡಗಿತು. ಮೊದಲು ವಾರಕ್ಕೊಂದು ಟ್ರೇ, ಬರಬರುತ್ತಾ ದಿನಕ್ಕೊಂದು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ಬೆಳಿಗ್ಗೆ ಹೊಗೆ ಅಂಗಡಿಯ ಬಾಗಿಲವರೆಗೂ ಬಂತು. ಅಪ್ಪ ಒಲೆಯ ಪಕ್ಕದಲ್ಲೇ ನಿಂತಿದ್ದ. ಗಿರಾಕಿಗಳ ಎದುರಿಗೇ ಅಂದುಬಿಟ್ಟೆ: "ಗಮನ ಎಲ್ಲಿರುತ್ತಪ್ಪ ನಿಂಗೆ? ವಯಸ್ಸಾಯ್ತು ಅಂತ ಒಪ್ಕೋಬಾರ್ದಾ?" ಅಂದೇ ಒಂದು ಗಡಿಯಾರ ತಂದು ಒಲೆಯ ಎದುರಿಗೆ ಮೊಳೆ ಹೊಡೆದು ಹಾಕಿದೆ. ವಾಸನೆ ತಿಳಿಯುತ್ತಿಲ್ಲ ಎಂದು ಅಪ್ಪ ಹೇಳಲಿಲ್ಲ. ಬೇಕರಿಯವನು ಅದನ್ನು ಯಾವ ಬಾಯಲ್ಲಿ ಹೇಳಿಯಾನು?

ಕೈ ನಡುಗಲು ಶುರುವಾದದ್ದು ಅದಾಗಿ ಐದು ವರ್ಷಕ್ಕೆ. ಪಾರ್ಕಿನ್ಸನ್ ಇರಬೇಕು ಎಂದ ಡಾಕ್ಟರಮ್ಮ, "ವಾಸನೆ ಯಾವಾಗಿಂದ ಗೊತ್ತಾಗ್ತಿಲ್ಲ?" ಎಂದು ಕೇಳಿದರು. ಈ ಕಾಯಿಲೆಯಲ್ಲಿ ಎಷ್ಟೋ ಜನಕ್ಕೆ ಮೊದಲು ಮೂಗು ಹೋಗುತ್ತದಂತೆ, ಕೈಯ ಸರದಿ ಆಮೇಲೆ. ಅಪ್ಪ ಗೋಡೆ ನೋಡುತ್ತಾ, "ಗಡಿಯಾರ ಹಾಕೋಕ್ಕೂ ಮುಂಚಿಂದ" ಎಂದ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮಾತ್ರೆ ಸಾಲದಾದಾಗ ಮಿದುಳಿಗೆ ತೆಳ್ಳನೆಯ ತಂತಿ ಇಳಿಸುವ ಆಪರೇಷನ್ನಿನ ಮಾತು ಬಂತು. ಎದೆಯ ಚರ್ಮದಡಿ ಬ್ಯಾಟರಿ ಇಡುತ್ತಾರೆ, ಅದರಿಂದ ಸಣ್ಣಗೆ ಕರೆಂಟು ಹೋಗುತ್ತಿರುತ್ತದೆ. "ಇದರಿಂದ ನಿಮಗೆ ಮುಖ್ಯವಾಗಿ ಏನು ಸರಿಹೋಗ್ಬೇಕು?" ಡಾಕ್ಟರಮ್ಮ ಕೇಳಿದ್ದು ಅಪ್ಪನನ್ನು. ಅವನ ಮಾತು ಅಷ್ಟರಲ್ಲಾಗಲೇ ನಿಧಾನವಾಗಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ನಾನೇ, "ಕೈ ನಡುಕ ನಿಂತ್ರೆ ಸಾಕು ಡಾಕ್ಟ್ರೇ" ಎಂದೆ. ನಡುಕ ತಗ್ಗುತ್ತದೆ, ಕೆಲವರಿಗೆ ನಿದ್ದೆಯೂ ನೋವೂ ಸುಧಾರಿಸುತ್ತವೆ ಎಂದು ಅವರು ವಿವರಿಸಿದರು. ಅಪ್ಪ ತೆರೆದ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡ.

ಆಪರೇಷನ್ ಆಯಿತು. ಕೆಲವು ತಿಂಗಳು ಕರೆಂಟನ್ನು ಹೆಚ್ಚುಕಮ್ಮಿ ಮಾಡಿ ಹದಕ್ಕೆ ತಂದರು. ಲೋಟದ ನೀರು ಚೆಲ್ಲುವುದು ನಿಂತಿತು. ಎಷ್ಟೋ ವರ್ಷದ ಮೇಲೆ ಅಪ್ಪ ಬೆಳಗಿನವರೆಗೆ ನಿದ್ದೆ ಮಾಡಿದ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅವನು ಮತ್ತೆ ಒಲೆಯ ಮುಂದೆ ನಿಲ್ಲುವ ದಿನ, ಅವನ ಮರ್ಯಾದೆಗೆಂದು ಗಡಿಯಾರ ತೆಗೆದು ಕಪಾಟಿನೊಳಗಿಟ್ಟೆ. ಇಂಥ ಬುದ್ಧಿವಂತಿಕೆ ನನ್ನ ಹತ್ತಿರ ಬೇಕಾದಷ್ಟಿದೆ.

ಅಪ್ಪ ಹಿಟ್ಟು ನಾದಿದ, ಅಚ್ಚುಗಳಿಗೆ ತುಂಬಿದ, ಉಬ್ಬಿದ ಮೇಲೆ ಒಲೆಗೆ ಸರಿಸಿದ. ಒಂದು ಬೆರಳೂ ನಡುಗಲಿಲ್ಲ. ಆಮೇಲೆ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ಕಾದ. ಬೆಂದ ಬ್ರೆಡ್ಡಿನ ಘಮ ಕೋಣೆಯೆಲ್ಲ ತುಂಬಿತು. ಅವನು ಏಳಲಿಲ್ಲ. ಘಮ ಹೋಗಿ ಸೀದ ವಾಸನೆ ಬಂತು. ತಡೆಯಲಾರದೆ "ಅಪ್ಪ" ಎಂದೆ. ಎದ್ದು ತೆಗೆದ. ಕಪ್ಪಾದ ಬ್ರೆಡ್ಡನ್ನು ಬಟ್ಟೆಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು ಉಸಿರೆಳೆದ. ಇನ್ನೊಮ್ಮೆ ಎಳೆದ.

"ಕೈ ಬಗ್ಗೆ ನಂಗೆ ಅಷ್ಟು ಯೋಚ್ನೆ ಇರ್ಲಿಲ್ಲ ಮಗಳೇ. ನಡುಗೋ ಕೈಲೇ ನಾದ್ತಿದ್ದೆ. ಈ ಮೂಗು ವಾಪಸ್ ಬರುತ್ತೇನೋ ಅಂತ ತಲೆ ಕೊಟ್ಟೆ."

ಅಂದು ಅವನನ್ನೇ ಮಾತಾಡಲು ಬಿಟ್ಟಿದ್ದರೆ, ಮೂಗಿನ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರಮ್ಮ ಅಲ್ಲೇ ಹೇಳುತ್ತಿದ್ದರು. ಇಷ್ಟು ತಿಂಗಳು ಅವನು ಪ್ರತಿ ಬೆಳಿಗ್ಗೆ ಎದ್ದು, ವಾಸನೆ ಬಂತೇನೋ ಎಂದು ಮೂಸಿ ನೋಡುವುದಾದರೂ ತಪ್ಪುತ್ತಿತ್ತು. ನಾನು ಅಲ್ಲೇ ಕೂತು ಅತ್ತೆ.

"ಆಯ್ತು ಬಿಡು," ಎಂದ ಅಪ್ಪ. "ಆ ಗಡಿಯಾರ ಎಲ್ಲಿಟ್ಟಿದ್ದೀಯ?"

ಕಪಾಟಿನಿಂದ ತೆಗೆದುಕೊಟ್ಟೆ. ಅಂಗಿಯ ತೋಳಿನಿಂದ ಅದರ ಗಾಜು ಒರೆಸಿ, ಕೈ ಎತ್ತಿ ಹಳೆಯ ಮೊಳೆಗೆ ಹಾಕಿದ. ಒಂದೇ ಸಲಕ್ಕೆ ಸಿಕ್ಕಿಕೊಂಡಿತು.