ಎರಡು ಕಿಲೋ ಕಡಿಮೆ ತೋರಿಸಿದ ಕಾಟಾ

ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ಒಂದು ಗಲ್ಲಿಯೊಳಗೆ ನನ್ನ ಅಂಗಡಿ. ತೂಕದ ಕಾಟಾ ರಿಪೇರಿ ಮಾಡುವುದು ನನ್ನ ಕಸುಬು. ಅಜ್ಜ ತಕ್ಕಡಿ ಮಾಡುತ್ತಿದ್ದರು. ಅಬ್ಬಾ ಕಾಳು ಕೊಳ್ಳುವ ಅಡತ್ ಅಂಗಡಿಗಳ ದೊಡ್ಡ ಕಬ್ಬಿಣದ ಕಾಟಾಗಳನ್ನು ನೇರ ಮಾಡುತ್ತಿದ್ದರು. ನನ್ನ ಕಾಲಕ್ಕೆ ಬಂದದ್ದು ಕೆಂಪು ಅಂಕಿಗಳು ಮಿನುಗುವ ಎಲೆಕ್ಟ್ರಾನಿಕ್ ಕಾಟಾ. ಮೇಲೆ ತೂಕ ಇಟ್ಟ ಕೂಡಲೇ ಅದರ ಅಂಕಿಗಳು ನಿಲ್ಲುವುದಿಲ್ಲ. ನಿದ್ದೆಯಿಂದ ಎದ್ದವರು ಕಣ್ಣುಜ್ಜಿಕೊಳ್ಳುವ ಹಾಗೆ ಒಂದಿಷ್ಟು ಹೊತ್ತು ಮೇಲೆ ಕೆಳಗೆ ಆಡಿ ಆಮೇಲೆ ಒಂದು ಕಡೆ ಕೂರುತ್ತವೆ. ಆ ಸ್ವಲ್ಪ ಹೊತ್ತನ್ನು ನೋಡುತ್ತಾ ಕೂರುವುದು ನನಗೆ ಇಂದಿಗೂ ಬೇಸರ ತಂದಿಲ್ಲ.

ಅದು ಥಂಡಿಯ ದಿನಗಳು. ಬೆಳಗಿನ ಮಂಜು ಇನ್ನೂ ಗಲ್ಲಿಯಿಂದ ಹೊರಗೆ ಹೋಗಿರಲಿಲ್ಲ. ಆಟೋ ಒಂದು ಬಂದು ನಿಂತಿತು. ಅದರಿಂದ ಇಳಿದವನು ಹುಮನಾಬಾದಿನ ಕಬಡ್ಡಿ ತಂಡದ ಸಹಾಯಕ ಮ್ಯಾನೇಜರ್. ಕಬಡ್ಡಿ ಲೀಗ್ ಶುರುವಾಗಿ ಆಗ ಎರಡು ವರ್ಷ ಆಗಿತ್ತು. ಊರೂರಿಗೆ ಒಂದೊಂದು ತಂಡ, ತಂಡಕ್ಕೊಬ್ಬ ಮಾಲೀಕ, ಮೊಬೈಲಿನಲ್ಲಿ ನೇರ ಪ್ರಸಾರ. ಅವನು ಸಣ್ಣ ದನಿಯ, ತುಂಬಾ ಮರ್ಯಾದೆಯ ಮನುಷ್ಯ. ಆಟೋದವನ ಜೊತೆ ಹಿಡಿದು ಆಳು ನಿಲ್ಲುವಂಥ ಒಂದು ಕಾಟಾ ಒಳಗೆ ತಂದು ಇಟ್ಟ.

"ಚಾಚಾ, ಇದು ಜಾಸ್ತಿ ತೋರಸಾಕತ್ತದ. ಸ್ವಲ್ಪ ನೋಡ್ರಿ" ಅಂದ.

ನನ್ನ ಪರೀಕ್ಷೆಯ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟೆ. ಇಪ್ಪತ್ತಕ್ಕೆ ಇಪ್ಪತ್ತು, ನಲವತ್ತಕ್ಕೆ ನಲವತ್ತು, ಎಂಬತ್ತಕ್ಕೆ ಎಂಬತ್ತು.

"ಕಾಟಾ ಸರಿ ಅದರಿ. ಆಕಡಿ ಈಕಡಿ ಆಗಿಲ್ಲ."

ಅವನು ನಕ್ಕ. "ಅದು ನನಗೂ ಗೊತ್ತದ. ಆದರ ನಮ್ಮ ಹುಡುಗರು ಬೂಟು, ದಪ್ಪನ ಬಟ್ಟಿ ಹಾಕ್ಕೊಂಡೇ ನಿಲ್ತಾರ. ಅದರ ತೂಕ ತೆಗೆದುಬಿಡ್ರಿ. ಎರಡು ಕಿಲೋ."

"ಬಿಚ್ಚಿಸಿ ನಿಲ್ಲಸ್ರಿ ಮತ್ತ."

"ದಿನಾ ಹೇಳಿ ಹೇಳಿ ಸಾಕಾಗ್ಯಾದ ಚಾಚಾ. ಪ್ರ್ಯಾಕ್ಟೀಸಿಗೆ ಅಷ್ಟೇ ಇದು. ವ್ಯಾಪಾರದ ಕಾಟಾ ಅಲ್ಲ."

ವ್ಯಾಪಾರದ ಕಾಟಾಕ್ಕಾದರೆ ಸರ್ಕಾರದ ಸೀಲ್ ಇರುತ್ತದೆ, ಅದನ್ನು ಒಡೆಯುವ ಮಾತೇ ಇಲ್ಲ. ಇದಕ್ಕೆ ಸೀಲ್ ಇರಲಿಲ್ಲ. ನಾನು ಮೇಲೆ ಎಂಬತ್ತೇಳು ಕಿಲೋ ಕಲ್ಲು ಇಟ್ಟು, ಒಳಗಿನ ಗುಂಡಿ ಒತ್ತಿ, ಇದು ಎಂಬತ್ತೈದು ಎಂದು ಅದಕ್ಕೆ ಹೇಳಿಕೊಟ್ಟೆ. ಅದು ನಂಬಿತು. ಮುಚ್ಚಳ ಹಾಕುವ ಮೊದಲು ಒಳಬದಿಯಲ್ಲಿ ಪೆನ್ಸಿಲಿನಿಂದ ತಾರೀಖು, ನನ್ನ ಹೆಸರಿನ ಮೊದಲ ಅಕ್ಷರ ಬರೆದೆ. ಅಬ್ಬಾನ ಕಾಲದಿಂದ ಬಂದ ರೂಢಿ ಅದು. ಯಾವ ಕೆಲಸ ಯಾರ ಕೈಯಿಂದ ಆಯಿತು ಎಂಬುದು ಕಾಟಾದ ಒಳಗೆ ಇರಬೇಕು ಅನ್ನುತ್ತಿದ್ದರು.

ಕಬಡ್ಡಿಯಲ್ಲಿ ಆಟಗಾರನ ತೂಕ ಎಂಬತ್ತೈದು ಕಿಲೋ ದಾಟಬಾರದು ಎಂಬುದು ನನಗೆ ಆಗ ಗೊತ್ತಿತ್ತೇ? ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಚಿಕ್ಕಂದಿನಲ್ಲಿ ಕೋಟೆಯ ಹಿಂದಿನ ಬಯಲಿನಲ್ಲಿ ನಾನೂ ಆಡಿದವನೇ. ಆದರೆ ಅಲ್ಲಿ ಯಾರು ಯಾರನ್ನು ತೂಗಿದ್ದರು? ಎಲ್ಲೋ ಕೇಳಿದ್ದೆ, ಆ ಹೊತ್ತಿಗೆ ನೆನಪಾಗಲಿಲ್ಲ, ನೆನಪಾಗದೆ ಇರಲಿ ಎಂದು ನಾನೇ ಬಿಟ್ಟೆ. ಇವುಗಳಲ್ಲಿ ಯಾವುದು ನಿಜವೋ, ಆ ಬೆಳಗಿನ ಮಂಜಿನ ಹಾಗೆ ನನಗೇ ತಿಳಿಯಾಗಿ ಕಾಣುವುದಿಲ್ಲ.

ವಾರಕ್ಕೊಮ್ಮೆ ನಾನು ಹುಮನಾಬಾದಿಗೆ ಹೋಗುತ್ತೇನೆ. ಅಲ್ಲಿಯ ಅಡತ್ ಬಜಾರಿನಲ್ಲಿ ಎಷ್ಟೋ ಕಾಟಾಗಳ ರಿಪೇರಿ ನನ್ನದೇ. ಆ ಜನವರಿಯಲ್ಲಿ ಲೀಗಿನ ಪಂದ್ಯಗಳೂ ಹುಮನಾಬಾದಿಗೆ ಬಂದವು. ಕೆಲಸ ಮುಗಿಸಿ ಒಂದು ಸಂಜೆ ನಾನೂ ನೋಡಲು ಹೋದೆ. ನೀಲಿ ಮ್ಯಾಟಿನ ಮೇಲೆ ಬಿಳಿ ಬೆಳಕು. ಹೊರಗಿನಿಂದ ಒಳಗೆ ಕಾಲಿಟ್ಟಾಗ ನೀರಿನ ತಳಕ್ಕೆ ಇಳಿದ ಹಾಗಾಯಿತು. ಹುಮನಾಬಾದ್ ತಂಡದ ಬಲ ಮೂಲೆಯಲ್ಲಿ ಕೊಹಿನೂರ ಹಳ್ಳಿಯ ಒಬ್ಬ ಆಟಗಾರ ನಿಂತಿದ್ದ. ಎತ್ತರ, ಅಗಲವಾದ ಎದೆ, ಮಗುವಿನಂಥ ಮುಖ. ಎದುರಾಳಿ ರೈಡರ್ ಹತ್ತಿರ ಬಂದಾಗ ಅವನು ಅವಸರ ಪಡುತ್ತಿರಲಿಲ್ಲ. ಬಾಗುತ್ತಿದ್ದ, ಕೈ ಚಾಚುತ್ತಿದ್ದ, ಕಣಕಾಲು ಅವನ ಅಂಗೈಗೆ ತಾನೇ ಬಂದು ಸೇರಿದಂತೆ ಇರುತ್ತಿತ್ತು. ಹಿಡಿದು ಮುಗಿಸಿ ಎದ್ದಾಗ ಎರಡೂ ಕೈ ಮೇಲೆತ್ತಿ ನಗುತ್ತಿದ್ದ. ಅಷ್ಟು ದೊಡ್ಡ ಮೈ ಅಷ್ಟು ಹಗುರಾಗಿ ತಿರುಗುವುದನ್ನು ನಾನು ನೋಡಿರಲಿಲ್ಲ. ಜನರ ಕೂಗು ದೂರದಿಂದ ಬಂದಂತೆ ಕೇಳುತ್ತಿತ್ತು. ನಾನು ಬಸ್ಸಿನ ಹೊತ್ತು ಮರೆತು ಕೂತಿದ್ದೆ.

ಬಸ್ ತಪ್ಪಿ ರಾತ್ರಿ ಅಲ್ಲೇ ಉಳಿದೆ. ಮರುದಿನ ಮಧ್ಯಾಹ್ನ ಅಡತ್ ಬಜಾರಿನಲ್ಲಿ ಒಂದು ದೊಡ್ಡ ಕಾಟಾ ನೇರ ಮಾಡಿ ಕೈ ಒರೆಸಿಕೊಳ್ಳುತ್ತಿದ್ದೆ. ತೊಗರಿಯ ಸುಗ್ಗಿ. ಚೀಲ ಸುರಿದಲ್ಲೆಲ್ಲ ಧೂಳೆದ್ದು ಬಿಸಿಲಿನಲ್ಲಿ ಬಂಗಾರದ ಹೊಗೆಯಂತೆ ತೇಲುತ್ತಿತ್ತು. ಮಂಠಾಳದ ಒಬ್ಬ ಆಟಗಾರ ಅಲ್ಲಿಗೆ ಬಂದ. ಅವನು ಲೀಗಿನಲ್ಲಿ ಬೇರೆ ಊರಿನ ತಂಡಕ್ಕೆ ಆಡುವವನು; ತೊಗರಿ ತಂದಿದ್ದ ತನ್ನ ತಂದೆಯನ್ನು ನೋಡಲು ಬಂದಿದ್ದ. ಸುತ್ತಲಿನವರು ಅವನ ಗುರುತು ಹಿಡಿದು, ಏರು, ಏರು ಎಂದು ನಗುತ್ತಾ ಕಾಟಾದ ಮೇಲೆ ನಿಲ್ಲಿಸಿದರು.

ಅಂಕಿಗಳು ಆಡಿದವು, ನಿಂತವು. ಎಂಬತ್ತನಾಲ್ಕು.

ಅವನ ನಗು ನಿಂತಿತು. "ಹ್ಯಾಂಗ? ಮುಂಜಾನಿ ಲೀಗಿನವರು ಹುಮನಾಬಾದ್ ತಂಡದ ಕಾಟಾದ ಮ್ಯಾಲೆ ತೂಗಿದಾಗ ಎಂಬತ್ತೆರಡು ಇತ್ತಲ್ಲ."

"ಊಟ ಮಾಡಿರಬೇಕು" ಎಂದರು ಯಾರೋ.

"ಇಲ್ರಿ. ಎರಡು ಕಿಲೋ ಊಟ ಯಾರು ಮಾಡ್ತಾರ? ಈ ಕಾಟಾನೇ ತಪ್ಪಿರಬೇಕು."

ಅಡತ್‌ನ ಸಾಹುಕಾರರು ನನ್ನ ಭುಜದ ಮೇಲೆ ಕೈ ಇಟ್ಟರು. "ಇದನ್ನ ಈಗಷ್ಟೇ ಚಾಚಾ ನೇರ ಮಾಡ್ಯಾರ. ಚಾಚಾನ ಕೈ ಮುಟ್ಟಿದ್ದು ತಪ್ಪು ತೋರಸಂಗಿಲ್ಲ."

ಆಟಗಾರ ನನ್ನ ಮುಖ ನೋಡಿದ. ಎರಡೂ ಕಾಟಾ ನನ್ನ ಕೈ ಮುಟ್ಟಿದ್ದೇ ಎಂದು ಆ ಬಿಸಿಲಿನಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಸಾಮಾನಿನ ಚೀಲ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಜೊಂಪು ಹತ್ತಿದಾಗ ಒಂದು ಕನಸು ಬಿತ್ತು. ನನ್ನ ಅಂಗಡಿಯ ಕಾಟಾದ ಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದು ನಿಲ್ಲುತ್ತಿದ್ದರು, ನಿಂತವರು ಸದ್ದಿಲ್ಲದೆ ನೆಲ ಬಿಟ್ಟು ಮೇಲೇರಿ, ಹೊಲಗಳ ಮೇಲೆ ಹಾದು ಹೋಗುತ್ತಿದ್ದರು. ಯಾರೂ ಹೆದರಿರಲಿಲ್ಲ. ಕೆಳಗೆ ನಿಂತು ಹೆದರಿದವನು ನಾನೊಬ್ಬನೇ.

ಮಂಠಾಳದ ಆಟಗಾರ ತನ್ನ ಕೋಚ್‌ಗೆ ಹೇಳಿದ. ಕೋಚ್ ಲೀಗಿಗೆ ದೂರು ಕೊಟ್ಟರು. ಲೀಗಿನವರು ಕಾಟಾ ಬಿಚ್ಚಿಸಿ ನೋಡಿದಾಗ ಮುಚ್ಚಳದ ಒಳಗೆ ಪೆನ್ಸಿಲಿನ ಅಕ್ಷರ ಸಿಕ್ಕಿತು. ಅದು ಯಾರ ಅಕ್ಷರ ಎಂದು ಬಜಾರಿನಲ್ಲಿ ಕೇಳಿದರೆ ಸಾಕಿತ್ತು. ವಿಚಾರಣೆಗೆ ಬರಬೇಕೆಂದು ನನಗೆ ಫೋನ್ ಬಂತು.

ವಿಚಾರಣೆಯ ಹಿಂದಿನ ದಿನ ಲೀಗಿನ ಆಡಳಿತದ ಒಬ್ಬರು ಅಂಗಡಿಗೆ ಬಂದರು. ಚಹಾ ಕುಡಿದರು. ಗೋಡೆಯ ಮೇಲಿದ್ದ ಅಜ್ಜನ ಹಿತ್ತಾಳೆ ತಕ್ಕಡಿಯನ್ನು ಮೆಚ್ಚಿಕೊಂಡರು. ಆಮೇಲೆ ಅಂದರು:

"ಕಾಟಾ ತಾನಾಗಿಯೇ ತಪ್ಪಿತು ಅಂತ ಹೇಳಿದರೆ ಮುಗಿದುಹೋಗುತ್ತದೆ. ಥಂಡಿಗೆ ಹಾಗಾಗುತ್ತದಲ್ಲ? ನಿಮ್ಮದೂ ತಪ್ಪಿಲ್ಲ, ಯಾರದೂ ತಪ್ಪಿಲ್ಲ. ಲೀಗ್ ನಡೆಯಬೇಕು. ಮುಂದಿನ ವರ್ಷ ಎಲ್ಲ ಊರಿನ ಕಾಟಾಗಳನ್ನೂ ನೀವೇ ನೋಡಿಕೊಳ್ಳಬಹುದು."

ಅವರು ಕೆಟ್ಟವರಂತೆ ಕಾಣಲಿಲ್ಲ. ಮಳೆ ಬರುವ ಮೊದಲು ಬಟ್ಟೆ ಒಳಗೆ ತೆಗೆಯುವವರ ಅವಸರ ಅವರದು. ನಾನು ನೋಡೋಣ ಎಂದೆ. ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದಳು.

"ಥಂಡಿಗೆ ಕಾಟಾ ತಪ್ಪತದೇನು?"

"ಒಂಚೂರು ತಪ್ಪತದ."

"ಎರಡು ಕಿಲೋ?"

"ಇಲ್ಲ."

ಅವಳು ಹೊಲಿಗೆ ಮುಂದುವರಿಸಿದಳು.

ಹುಮನಾಬಾದಿನ ಹೆದ್ದಾರಿಯ ಮೇಲಿನ ಒಂದು ಲಾಡ್ಜಿನ ಮಹಡಿಯಲ್ಲಿ ವಿಚಾರಣೆ. ಪರದೆ ಎಳೆದ ಕೋಣೆ. ಕೆಳಗೆ ಲಾರಿಗಳು ಹಾದಾಗಲೆಲ್ಲ ಮೇಜಿನ ಮೇಲಿನ ನೀರಿನ ಲೋಟ ಸಣ್ಣಗೆ ನಡುಗುತ್ತಿತ್ತು. ಮೂವರು ಕೂತಿದ್ದರು: ನಿವೃತ್ತ ಪೊಲೀಸ್ ಅಧಿಕಾರಿ ಒಬ್ಬ ಮೇಡಂ, ಒಬ್ಬ ವಕೀಲರು, ಒಬ್ಬ ಹಳೆಯ ಆಟಗಾರ. ನನ್ನ ಕಲ್ಲುಗಳನ್ನು ಗೋಣಿಚೀಲಗಳಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದಿದ್ದೆ. ಆ ಕಾಟಾ ಮೂಲೆಯಲ್ಲಿ ಇತ್ತು. ಎಂಬತ್ತೇಳು ಕಿಲೋ ಇಟ್ಟೆ. ಎಂಬತ್ತೈದು ತೋರಿಸಿತು.

"ಇದು ತಾನಾಗಿ ಆಗೋ ಸಾಧ್ಯತೆ ಇದೆಯಾ?" ಎಂದು ವಕೀಲರು ಕೇಳಿದರು.

"ಇಲ್ರಿ. ನಾನೇ ಮಾಡೀನಿ." ಯಾರು ತಂದರು, ಏನು ಹೇಳಿದರು, ಎಲ್ಲವನ್ನೂ ಹೇಳಿದೆ. ಸಹಾಯಕ ಮ್ಯಾನೇಜರ್ ಗೋಡೆಗೆ ಒರಗಿ ನಿಂತಿದ್ದ. ತನ್ನ ಬೂಟುಗಳನ್ನೇ ನೋಡುತ್ತಿದ್ದ.

ಮೇಡಂ ಕೇಳಿದರು. "ಯಾತಕ್ಕಂತ ನಿಮಗೆ ಗೊತ್ತಿತ್ತೇನು?"

"ಕೇಳಬೇಕಾಗಿತ್ರಿ. ಕೇಳಲಿಲ್ಲ."

ಆಮೇಲೆ ಹಳೆಯ ಆಟಗಾರ ಕೇಳಿದರು. "ಮ್ಯಾಲೆ ನಿಂತ ಆಟಗಾರಗ ಗೊತ್ತಾಗ್ತದೇನು ಚಾಚಾ, ಕಾಟಾ ಸುಳ್ಳು ಹೇಳಾಕತ್ತದ ಅಂತ?"

"ಹ್ಯಾಂಗ ಗೊತ್ತಾಗಬೇಕ್ರಿ? ಅವನಿಗೆ ಕಾಣೋದು ಅಂಕಿ ಅಷ್ಟೇ."

ಅವರು ಅದನ್ನು ಬರೆದುಕೊಂಡರು. ಬರೆದುಕೊಂಡದ್ದನ್ನು ಯಾರು ಓದಿದರೋ ತಿಳಿಯದು. ನಾಲ್ಕು ದಿನದ ಮೇಲೆ ಲೀಗಿನ ತೀರ್ಮಾನ ಮೊಬೈಲಿನಲ್ಲಿ ಬಂತು, ನಾಲ್ಕೇ ಸಾಲು. ಹುಮನಾಬಾದ್ ತಂಡದ ಆ ವಾರದ ಅಂಕಗಳು ರದ್ದು. ಸಹಾಯಕ ಮ್ಯಾನೇಜರ್ ಇನ್ನು ಲೀಗಿನಲ್ಲಿ ಇರುವಂತಿಲ್ಲ. ಮಾಲೀಕರಿಗೆ ವಿಷಯ ತಿಳಿದಿರಲಿಲ್ಲ. ಮತ್ತೆ ತೂಗಿದಾಗ ತೂಕ ಮೀರಿದ್ದ ಆ ತಂಡದ ಮೂವರು ಆಟಗಾರರು ಆ ಸೀಸನ್ ಆಡುವಂತಿಲ್ಲ. ಆ ಮೂವರಲ್ಲಿ ಯಾರಿಗೆ ಗೊತ್ತಿತ್ತು, ಯಾರಿಗೆ ಇರಲಿಲ್ಲ ಎಂದು ಒಂದು ಮಾತೂ ಇರಲಿಲ್ಲ. ಮೂವರಲ್ಲಿ ಒಬ್ಬ ಕೊಹಿನೂರಿನವನು.

ನನಗೆ ಲೀಗ್ ಏನೂ ಮಾಡಲಿಲ್ಲ. ಬಜಾರ್ ಮಾಡಿತು. ಕೆಲವರು ಚೇಷ್ಟೆ ಮಾಡಿದರು: "ಚಾಚಾ, ನನ್ನ ಹೆಂಡತಿಗೂ ಎರಡು ಕಿಲೋ ಇಳಸಿಕೊಡ್ರಿ." ಅದನ್ನು ನಕ್ಕು ತಡೆದುಕೊಳ್ಳಬಹುದಿತ್ತು. ನನ್ನ ಭುಜದ ಮೇಲೆ ಕೈ ಇಟ್ಟಿದ್ದ ಸಾಹುಕಾರರು ಮಾತ್ರ ಏನೂ ಅನ್ನದೆ ತಮ್ಮ ಕಾಟಾಗಳನ್ನು ಬೇರೆಯವರಿಗೆ ತೋರಿಸಲು ಶುರು ಮಾಡಿದರು. ಎದುರು ಸಿಕ್ಕಾಗ ಮೊದಲಿನಂತೆಯೇ ಸಲಾಂ ಹೇಳುತ್ತಿದ್ದರು. ಅದೇ ನನಗೆ ಹೆಚ್ಚು ನೋಯುತ್ತಿತ್ತು.

ಹೋಳಿ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಿನ ಬೆಳಕು ಪೂರಾ ಮುಚ್ಚಿಹೋಯಿತು. ತಲೆ ಎತ್ತಿದರೆ ಆ ಕೊಹಿನೂರಿನ ಆಟಗಾರ. ನನ್ನನ್ನು ಬೈಯಲು ಬಂದಿದ್ದಾನೆ ಎಂದುಕೊಂಡು ಎದ್ದು ನಿಂತೆ.

"ಚಾಚಾ, ನನ್ನ ತೂಕ ನೋಡ್ರಿ. ಖರೇ ತೂಕ" ಎಂದ.

ಚಪ್ಪಲಿ ಬಿಟ್ಟು ಕಾಟಾದ ಮೇಲೆ ನಿಂತ. ಅಂಕಿಗಳು ಮೇಲೆ ಕೆಳಗೆ ಆಡಿ ನಿಂತವು. ಎಂಬತ್ತೇಳಕ್ಕೂ ಸ್ವಲ್ಪ ಮೇಲೆ. ಅವನು ಬಹಳ ಹೊತ್ತು ಆ ಕೆಂಪು ಅಂಕಿಯನ್ನು ನೋಡಿದ. ಆಮೇಲೆ ಇಳಿದು ನನ್ನ ಸ್ಟೂಲಿನ ಮೇಲೆ ಕೂತ. ಅವನಿಗೆ ಅದು ತುಂಬಾ ಚಿಕ್ಕದಾಗಿತ್ತು.

"ಒಂದೂವರಿ ತಿಂಗಳು ರೊಟ್ಟಿ ಬಿಟ್ಟಿದ್ದೆ ಚಾಚಾ. ದಿನಾ ಮುಂಜಾನಿ ಓಡತಿದ್ದೆ. ಅವತ್ತ ಎಂಬತ್ತೈದರ ಒಳಗ ಬಂದಾಗ ಅವ್ವಗ ಫೋನ್ ಹಚ್ಚಿ ಅತ್ತುಬಿಟ್ಟೆ. ಇಳದೀನಿ ಅವ್ವಾ, ಇಳದೀನಿ ಅಂತ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಆ ವಾರ ಮ್ಯಾಟಿನ ಮ್ಯಾಲೆ ನನಗ ಖರೇನ ಹಗುರ ಅನಸ್ತಿತ್ತು. ಅದು ಹ್ಯಾಂಗ?"

ಆ ಸಂಜೆ ಅವನು ಆಡಿದ್ದನ್ನು ನಾನು ನೋಡಿದ್ದೆ. ಹಗುರಾಗಿಯೇ ಆಡಿದ್ದ. "ತಪ್ಪು ನಂದದ ಬೇಟಾ" ಎಂದೆ. ಅಷ್ಟು ಹೇಳಲು ನನಗೆ ಅಷ್ಟು ದಿನ ಬೇಕಾಗಿತ್ತು. ಚಹಾ ತರಿಸಿದೆ. ಕುಡಿದ. ಸಕ್ಕರೆ ಹಾಕಿದ್ದನ್ನೇ ಕುಡಿದ. ಹೋಗುವಾಗ ಬಾಗಿಲಲ್ಲಿ ನಿಂತು, "ಕೊಹಿನೂರಿಗೆ ಬರ್ರಿ ಒಮ್ಮೆ. ನಮ್ಮಲ್ಲಿ ಮಣ್ಣಿನ ಮ್ಯಾಲೆ ಆಡ್ತೀವಿ. ತೂಕ ಕೇಳಾವ್ರು ಯಾರೂ ಇಲ್ಲ" ಎಂದು ಹೋದ.

ಮರುವರ್ಷ ಲೀಗಿನಲ್ಲಿ ಹೊಸ ನಿಯಮ ಬಂತು. ಕಾಟಾಕ್ಕೆ ಸೀಲ್, ಎರಡೂ ತಂಡದ ನಾಯಕರ ಎದುರು ತೂಕ. ಕಾಟಾ ನೋಡಿಕೊಳ್ಳಲು ದೊಡ್ಡ ಊರಿನಿಂದ ಬೇರೆ ಯಾರನ್ನೋ ಕರೆಸಿದರು. ನನಗೆ ಬೇಸರವಾಗಲಿಲ್ಲ. ಕೊಹಿನೂರಿನ ಆಟಗಾರನಿಗೆ ಒಂದು ತಂಡದಿಂದ ಕರೆ ಬಂದಿತ್ತಂತೆ. ಒಲ್ಲೆ ಅಂದನಂತೆ.

ಬೇಸಿಗೆ ಮುಗಿಯುವ ಹೊತ್ತಿಗೆ ನಾನು ಕೊಹಿನೂರಿಗೆ ಹೋದೆ. ಹದ ಮಾಡಿ ನೀರು ಚಿಮುಕಿಸಿದ ಕೆಂಪು ಮಣ್ಣು, ಸುಣ್ಣದ ಗೆರೆ, ಗೆರೆಯ ಸುತ್ತ ಊರಿನ ಜನ. ಮುಗಿಲಿನಲ್ಲಿ ಮೋಡ ಕಟ್ಟಿ ಬೆಳಕು ಹಳದಿಗೆ ತಿರುಗಿತ್ತು. ಅವನ ಅವ್ವ ನನಗೆ ಬೇವಿನ ನೆರಳಿನಲ್ಲಿ ಕೌದಿ ಹಾಸಿ ಕೂರಿಸಿದಳು. ನಾನು ಯಾರೆಂದು ಅವಳಿಗೆ ಗೊತ್ತಿತ್ತು. ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ತಂದು ಮುಂದಿಟ್ಟು, "ಉಣ್ರಿ ಮೊದಲ" ಎಂದಳು. ನಾನು ಉಂಡೆ. ಅಷ್ಟರಲ್ಲಿ ಎದುರು ತಂಡದ ರೈಡರ್ ಕಬಡ್ಡಿ ಕಬಡ್ಡಿ ಎನ್ನುತ್ತಾ ಒಳಗೆ ಬಂದ. ಮೂಲೆಯಲ್ಲಿದ್ದ ಅವಳ ಮಗ ನಿಧಾನವಾಗಿ ಬಾಗಿದ. ಅವ್ವ ರೊಟ್ಟಿಯ ಬುಟ್ಟಿ ಹಿಡಿದುಕೊಂಡೇ ನಿಂತು ನೋಡುತ್ತಿದ್ದಳು.